ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್, ಕ್ಯಾಬಿನೆಟ್ ಆನ್‌ಲೈನಲ್ಲಿ ತಗೊಳ್ಳೋರಿಗೆ: ಜೇಬಲ್ಲೊಂದು ಮಲ್ಟಿಮೀಟರ್ ಇರ್ಲಿ

ಒಂದು ಕಾಲೇಜ್ ಫೆಸ್ಟಲ್ಲಿ ಎರಡನೇ ಹಾಡಿನ ಮಧ್ಯದಲ್ಲಿ ನನ್ನ ಆಂಪ್ ಸುಮ್ಮನಾಗೋಯ್ತು. ಅದರ ಮೇಲೆ ಪ್ರೊಟೆಕ್ಟ್ ಲೈಟ್ ಉರೀತಿದೆ, ಡ್ರಮ್ಮರ್ ನನ್ನ ಕಡೆನೇ ನೋಡ್ತಿದ್ದಾನೆ, ಆಫ್ ಮಾಡಿ ಆನ್ ಮಾಡ್ದೆ, ಅರ್ಧ ನಿಮಿಷ ಬಂತು, ಮತ್ತೆ ಹೋಯ್ತು. ಆಂಪ್ ಸರಿಯಾಗೇ ಇತ್ತು. ತಪ್ಪಿದ್ದಿದ್ದು ಒಂದು ತಿಂಗಳ ಹಿಂದೆ ಆನ್‌ಲೈನಲ್ಲಿ ನೋಡಿ ತಂದಿದ್ದ ಕ್ಯಾಬಲ್ಲಿ (ಕ್ಯಾಬಿನೆಟ್), ಅಂದ್ರೆ ಹತ್ತಿಂಚಿನ ಎರಡು ಸ್ಪೀಕರ್ ಇರೋ ಡಬ್ಬದಲ್ಲಿ. ಹಿಂದಗಡೆ 8 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆಯ ಅಳತೆ) ಅಂತ ಬರೆದಿತ್ತು, ಆದ್ರೆ ಹಳೇ ಓನರ್ ಯಾರೋ ಒಳಗಿನ ಎರಡೂ ಸ್ಪೀಕರ್ ಬದಲಾಯಿಸಿದ್ರು. ಕಂಪನಿಯೋರು ಹಾಕಿದ್ದು 16 ಓಮಿನ ಎರಡು, ಪ್ಯಾರಲಲಲ್ಲಿ ಸೇರಿದ್ರೆ 8. ಇವ್ರು ಹಾಕಿದ್ದು 8 ಓಮಿನ ಎರಡು, ಅಂದ್ರೆ ಡಬ್ಬ ಈಗ 4 ಓಮ್. ಅದರ ಜೊತೆ ನಾನು ಇನ್ನೊಂದು 8 ಓಮ್ ಕ್ಯಾಬ್ ಸೇರಿಸಿದೆ, ಒಟ್ಟು 2.67 ಓಮ್ ಆಯ್ತು, ನನ್ನ ಆಂಪ್‌ಗೆ ಕನಿಷ್ಠ 4 ಬೇಕು. ಒಂದು ಸಾದಾ ಮಲ್ಟಿಮೀಟರ್ (ಓಮ್, ವೋಲ್ಟ್ ಅಳೆಯೋ ಚಿಕ್ಕ ಮೀಟರ್) ಹಿಡಿದಿದ್ರೆ ಮಾರೋರ ಮನೆ ಬಾಗಿಲಲ್ಲೇ ಹತ್ತು ಸೆಕೆಂಡಲ್ಲಿ ಗೊತ್ತಾಗೋ ವಿಷಯ ಇದು.

ಆವತ್ತಿಂದ ಯಾರು ಕೇಳಿದ್ರೂ ಒಂದೇ ಮಾತು ಹೇಳ್ತೀನಿ, ಬೇಸ್ ಗಿಟಾರ್ ಹುಡುಕೋಕೆ ನೀವು ಹಾಕೋ ಟೈಮಲ್ಲಿ ಅರ್ಧನಾದ್ರೂ ಕ್ಯಾಬಿನೆಟ್‌ಗೆ ಹಾಕಿ. ಎಲ್ರೂ ಗಿಟಾರಿನ ಬಣ್ಣ, ಬ್ರ್ಯಾಂಡ್, ಪಿಕಪ್ ಅಂತ ವಾರಗಟ್ಟಲೆ ತಲೆ ಕೆಡಿಸ್ಕೊಂಡು ಕೊನೇಲಿ ಉಳಿದ ದುಡ್ಡಲ್ಲಿ ಯಾವುದೋ ಒಂದು ಡಬ್ಬ ತರ್ತಾರೆ, ಕೇಳೋರ ಕಿವಿಗೆ ತಲುಪೋದು ಆ ಡಬ್ಬದ ಸೌಂಡೇ ಅಲ್ವಾ.

ಮೊದಲ ಹೆಜ್ಜೆ: ಎಲ್ಲಿ ನುಡಿಸ್ತೀರ ಅಂತ ತೀರ್ಮಾನ ಮಾಡ್ಕೊಳ್ಳಿ

ಮನೆಯಲ್ಲಿ ಪ್ರಾಕ್ಟೀಸ್ ಮಾತ್ರ ಅಂದ್ರೆ ಕ್ಯಾಬ್ ತಗೊಳ್ಳೋದೇ ಬೇಡ, ಒಂದು ಚಿಕ್ಕ ಕಾಂಬೋ (ಆಂಪ್, ಸ್ಪೀಕರ್ ಒಂದೇ ಡಬ್ಬದಲ್ಲಿ ಇರೋದು) ಅಥವಾ ಹೆಡ್‌ಫೋನ್ ಆಂಪ್ ಸಾಕು. ಡ್ರಮ್ಸ್ ಇರೋ ಜ್ಯಾಮ್ ರೂಮಿಗೆ ಹೋಗ್ತೀರ, ಆರ್ಕೆಸ್ಟ್ರಾದಲ್ಲಿ ನುಡಿಸ್ತೀರ, ಪಬ್ಬಲ್ಲಿ ಗಿಗ್ ಇದೆ ಅಂದ್ರೆ ಮಾತ್ರ ಮುಂದಿನ ಲೆಕ್ಕ.

ನಾಲ್ಕು ತಂತಿ ಬೇಸಿನ ದಪ್ಪ ಇ ತಂತಿ ಸುಮಾರು 41 ಹರ್ಟ್ಜ್, ಐದು ತಂತಿಯದ್ದಾದ್ರೆ ಬಿ ತಂತಿ ಸುಮಾರು 31 ಹರ್ಟ್ಜ್. ಬಹಳಷ್ಟು ಕ್ಯಾಬ್‌ಗಳು 50, 60 ಹರ್ಟ್ಜ್ ಕೆಳಗೆ ಸುಸ್ತಾಗಿಬಿಡ್ತಾವೆ, ನಮ್ಮ ಕಿವಿಗೆ ಬೀಳೋದು ಹೆಚ್ಚಾಗಿ ಅದರ ಮೇಲಿನ ಹಾರ್ಮಾನಿಕ್ಸ್, ಅಂದ್ರೆ 41ರ ಎರಡು ಪಟ್ಟು 82, ಮೂರು ಪಟ್ಟು 123, ಹೀಗೆ. ಅದಕ್ಕೇ 10 ಇಂಚು ಅಂದ್ರೆ ಬೇಸ್ ಕಮ್ಮಿ, 15 ಇಂಚು ಅಂದ್ರೆ ಬೇಸ್ ಜಾಸ್ತಿ ಅನ್ನೋ ಮಾತನ್ನ ನಂಬ್ಬೇಡಿ, ಡಬ್ಬ ಎಷ್ಟು ದೊಡ್ಡದು, ಪೋರ್ಟ್ (ಗಾಳಿ ಹೋಗೋ ತೂತು) ಇದೆಯಾ ಇಲ್ವಾ, ಒಳಗಿನ ಸ್ಪೀಕರ್ ಯಾವ್ದು ಅನ್ನೋದರ ಮೇಲೆ ಹೋಗತ್ತೆ. ಹಾಫ್‌ಮನ್ ನಿಯಮ ಅಂತ ಒಂದಿದೆ ಸ್ಪೀಕರ್ ಮಾಡೋರ ಲೋಕದಲ್ಲಿ: ಚಿಕ್ಕ ಡಬ್ಬ, ಆಳವಾದ ಬೇಸ್, ಕಮ್ಮಿ ಪವರಲ್ಲಿ ಜೋರು ಸೌಂಡ್, ಈ ಮೂರರಲ್ಲಿ ಎರಡು ಸಿಗತ್ತೆ, ಮೂರೂ ಸಿಗಲ್ಲ. ಜಾಹೀರಾತಲ್ಲಿ ಮೂರೂ ಇದೆ ಅಂತ ಬರೆದಿದ್ರೆ ಅದನ್ನ ದಾಟ್ಕೊಂಡು ಮುಂದೆ ಹೋಗಿ.

ದೊಡ್ಡದು ಅಂತ ಮಾತಾಡುವಾಗ ಆಂಪೆಗ್ ಎಸ್‌ವಿಟಿ ನೆನಪಾಗದೆ ಇರಲ್ಲ. 1969ರಲ್ಲಿ ಬಂದ 300 ವಾಟಿನ ಟ್ಯೂಬ್ (ಹಳೇ ರೇಡಿಯೋದಲ್ಲಿರೋ ಥರದ ಗಾಜಿನ ವಾಲ್ವ್) ಆಂಪ್, ಜೊತೆಗೆ ಹತ್ತಿಂಚಿನ ಎಂಟು ಸ್ಪೀಕರ್ ಇರೋ ಕ್ಯಾಬ್, ಅದನ್ನ ಎಲ್ರೂ ಫ್ರಿಜ್ ಅಂತಾನೇ ಕರೀತಾರೆ. ನಾಲ್ಕಡಿ ಎತ್ತರ, ಅರವತ್ತು ಕೆಜಿ ಮೇಲೆ. ಅದರ ಸೌಂಡ್ ಎದೆಗೆ ತಾಗತ್ತೆ, ನಾನು ಒಂದು ಸಲ ನುಡಿಸಿದೀನಿ, ಇವತ್ತಿಗೂ ಮರೆತಿಲ್ಲ. ಆದ್ರೆ ಮೂರನೇ ಮಹಡಿ ಮನೆ, ಲಿಫ್ಟ್ ಇಲ್ಲ, ಕಾರೂ ಇಲ್ಲ ಅಂದ್ರೆ ಅದರ ಆಸೆ ಬಿಡಿ. 8 ಓಮಿನ ಒಂದು ಎರಡು-ಹತ್ತು (ಹತ್ತಿಂಚಿನ ಎರಡು ಸ್ಪೀಕರ್) ಅಥವಾ ಒಂದು-ಹನ್ನೆರಡು (ಹನ್ನೆರಡಿಂಚಿನ ಒಂದು) ಕ್ಯಾಬ್ ತಗೊಂಡು, ಆಮೇಲೆ ಬೇಕಾದ್ರೆ ಅದೇ ಮಾಡೆಲಿನ ಇನ್ನೊಂದು ಸೇರಿಸಿ. ಆಟೋದಲ್ಲಿ ಹಿಡಿಯತ್ತೆ, ಒಬ್ರೇ ಎತ್ತಬಹುದು. ನಿಯೋಡಿಮಿಯಮ್ ಮ್ಯಾಗ್ನೆಟ್ ಸ್ಪೀಕರ್ ಇರೋದು ಸಿಕ್ರೆ ತೂಕ ಇನ್ನೂ ಕಮ್ಮಿ, ಬೆಲೆ ಜಾಸ್ತಿ.

ಓಮ್ ಲೆಕ್ಕ, ಇದೊಂದನ್ನ ನಿಧಾನವಾಗಿ ಓದಿ

ಬೇಸ್ ಕ್ಯಾಬ್‌ಗಳನ್ನ ಸೇರಿಸೋದು ಸಾಮಾನ್ಯವಾಗಿ ಪ್ಯಾರಲಲಲ್ಲಿ. ಎರಡು 8 ಓಮ್ ಸೇರಿದ್ರೆ 4. ಎರಡು 4 ಸೇರಿದ್ರೆ 2. ಒಂದು 8, ಒಂದು 4 ಸೇರಿದ್ರೆ 2.67. ನಿಮ್ಮ ಆಂಪ್ ಹಿಂದೆ ಕನಿಷ್ಠ ಎಷ್ಟು ಅಂತ ಬರೆದಿರತ್ತೆ, ಅದಕ್ಕಿಂತ ಕೆಳಗೆ ಹೋಗಬಾರದು, ಮೇಲೆ ಹೋದ್ರೆ ಟ್ರಾನ್ಸಿಸ್ಟರ್ ಆಂಪ್‌ಗಳಿಗೆ ಏನೂ ಆಗಲ್ಲ, ಪವರ್ ಸ್ವಲ್ಪ ಕಮ್ಮಿ ಬರತ್ತೆ ಅಷ್ಟೇ. 4 ಓಮಿಗೆ 500 ವಾಟ್ ಕೊಡೋ ಆಂಪ್ 8 ಓಮಿಗೆ ಸುಮಾರು 250ರಿಂದ 300 ಕೊಡತ್ತೆ. ಅರ್ಧ ಹೋಯ್ತಲ್ಲ ಅಂತ ಹೆದರ್ಬೇಡಿ, ಪವರ್ ಅರ್ಧ ಆದ್ರೆ ಕಮ್ಮಿ ಆಗೋದು 3 ಡೆಸಿಬಲ್ ಮಾತ್ರ, ಕಿವಿಗೆ ಅದು ಅರ್ಧ ಅನ್ಸಲ್ಲ. ಅದೇ 3 ಡೆಸಿಬಲನ್ನ ಜಾಸ್ತಿ ಸೆನ್ಸಿಟಿವಿಟಿ (ಅದೇ ಪವರಿಗೆ ಎಷ್ಟು ಜೋರು ಅನ್ನೋದು) ಇರೋ ಕ್ಯಾಬ್ ಪುಕ್ಕಟೆ ಕೊಡತ್ತೆ, 97 ಡೆಸಿಬಲಿನ ಡಬ್ಬ ಬಿಟ್ಟು 100 ಡೆಸಿಬಲಿಂದು ತಗೊಂಡ್ರೆ ಆಂಪ್ ಪವರ್ ಎರಡು ಪಟ್ಟು ಮಾಡಿದ ಹಾಗೆ. ಅದಕ್ಕೇ ದುಡ್ಡು ವಾಟಿಗೆ ಹಾಕೋಕಿಂತ ಡಬ್ಬಕ್ಕೆ ಹಾಕಿ ಅನ್ನೋದು.

ಟ್ಯೂಬ್ ಆಂಪ್ ಕಥೆ ಬೇರೆ. ಅದನ್ನ ಕ್ಯಾಬ್ ಸೇರಿಸದೆ ಯಾವತ್ತೂ ಆನ್ ಮಾಡಿ ನುಡಿಸ್ಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೋಗತ್ತೆ, ಓಮ್ ಸೆಲೆಕ್ಟರ್ ಕೂಡ ಸರಿಯಾಗಿ ಹೊಂದಿಸ್ಲೇಬೇಕು. ಇನ್ನೊಂದು, ಗಿಟಾರ್ ಕೇಬಲಲ್ಲಿ ಕ್ಯಾಬ್ ಸೇರಿಸ್ಬೇಡಿ. ನೋಡೋಕೆ ಒಂದೇ ಥರ ಜಾಕ್ ಇರತ್ತೆ, ಒಳಗಿನ ತಂತಿ ಕೂದಲ ಹಾಗೆ ಸಣ್ಣದು, ಬಿಸಿಯಾಗಿ ಕರಗತ್ತೆ. ಸ್ಪೀಕರ್ ಕೇಬಲ್ ಬೇರೇನೇ ಇರ್ಲಿ, ಸ್ಪೀಕಾನ್ ಅನ್ನೋ ಕನೆಕ್ಟರ್ ಇದ್ರೆ ತುಂಬಾ ಒಳ್ಳೇದು, ತಿರುಗಿಸಿ ಲಾಕ್ ಆಗೋದ್ರಿಂದ ಯಾರಾದ್ರೂ ಕಾಲು ತಾಗಿಸಿದ್ರೂ ಕಳಚಲ್ಲ.

ಅಮೇರಿಕಾದಿಂದ ವಾಪಸ್ ಬಂದೋರು ಆಂಪ್ ಮಾರ್ತಿರ್ತಾರೆ, ಬೆಂಗಳೂರಲ್ಲಂತೂ ಇದು ಮಾಮೂಲು. ಹಿಂದೆ 120 ವೋಲ್ಟ್ ಮಾತ್ರ ಅಂತ ಬರೆದಿದ್ರೆ ನಮ್ಮ 230ಕ್ಕೆ ನೇರವಾಗಿ ಹಾಕಿದ ಕ್ಷಣಕ್ಕೆ ಅದರ ಕಥೆ ಮುಗೀತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಖರ್ಚು, ಅದರ ತೂಕ ಎರಡನ್ನೂ ಬೆಲೆಯಿಂದ ಕಳೀರಿ. ಕೆಲವು ಹೊಸ ಕ್ಲಾಸ್ ಡಿ ಆಂಪ್‌ಗಳು 100ರಿಂದ 240ರ ತನಕ ತಗೊಳ್ತಾವೆ, ಹಿಂದಿನ ಪ್ಲೇಟಿನ ಫೋಟೋ ತರಿಸ್ಕೊಂಡು ಓದಿ ನೋಡಿ.

ಹುಡುಕೋದು

ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಸಂಗೀತಗಾರರ ವಾಟ್ಸಾಪ್ ಗುಂಪುಗಳು, ಇಷ್ಟೇ. ಒಂದು ಉಪಾಯ ಹೇಳ್ತೀನಿ, ಬೇಸ್ ಅನ್ನೋ ಇಂಗ್ಲಿಷ್ ಸ್ಪೆಲಿಂಗಲ್ಲಿ ಕೊನೇಗೆ ಎರಡು ಎಸ್ ಬರ್ಬೇಕು, ಆದ್ರೆ ಎಷ್ಟೋ ಜನ ಒಂದು ಎಸ್ ಹಾಕಿ ಆಮೇಲೆ ಇ ಹಾಕ್ತಾರೆ. ಆ ತಪ್ಪು ಸ್ಪೆಲಿಂಗಲ್ಲೂ ಹುಡುಕಿ. ಬೇರೆಯೋರ ಕಣ್ಣಿಗೆ ಬೀಳದೆ ಇರೋ ಒಳ್ಳೊಳ್ಳೆ ಗಿಟಾರ್ ಅಲ್ಲಿ ಮಲಗಿರ್ತಾವೆ, ಮನೆಯಲ್ಲಿ ಮಗ ನುಡಿಸ್ತಿದ್ದ ಈಗ ಬೇರೆ ಊರಿಗೆ ಹೋಗಿದಾನೆ ಅಂತ ಅಪ್ಪ ಅಮ್ಮ ಮಾರೋ ಥರದ್ದು. ಗಣೇಶ ಹಬ್ಬದಿಂದ ರಾಜ್ಯೋತ್ಸವದ ತನಕ ಆರ್ಕೆಸ್ಟ್ರಾದೋರಿಗೆ ಬಿಡುವಿಲ್ಲದ ಸೀಸನ್, ಆಗ ಯಾರೂ ಮಾರಲ್ಲ, ನಾನು ನೋಡಿರೋ ಪ್ರಕಾರ ಡಿಸೆಂಬರಲ್ಲಿ ಕ್ಯಾಬ್‌ಗಳು ಹೊರಗೆ ಬರೋಕೆ ಶುರುವಾಗತ್ತೆ. ಆರ್ಕೆಸ್ಟ್ರಾ ಕ್ಯಾಬ್ ಅಂದ್ರೆ ಲಾರಿಯಲ್ಲಿ ಓಡಾಡಿದ್ದು, ಮಳೆಯಲ್ಲಿ ನೆನೆದಿದ್ದು, ಕೀಬೋರ್ಡನ್ನೂ ಅದಕ್ಕೇ ಸೇರಿಸಿ ನುಡಿಸಿದ್ದು, ಚೆನ್ನಾಗಿ ಚೆಕ್ ಮಾಡ್ಬೇಕು, ಆದ್ರೆ ಕೆಲವರು ಅದನ್ನ ಮಗು ಥರ ನೋಡ್ಕೊಂಡಿರ್ತಾರೆ, ಮಾತಾಡಿದ್ರೆ ಗೊತ್ತಾಗತ್ತೆ.

ಗಿಟಾರಲ್ಲಿ ಯಾವ್ದು ಅಂತ ಕೇಳಿದ್ರೆ, ಮೊದಲ ಬೇಸ್‌ಗೆ ಯಮಾಹಾ ಟಿಆರ್‌ಬಿಎಕ್ಸ್, ಐಬನೇಜ್ ಜಿಎಸ್‌ಆರ್ ಅಥವಾ ಎಸ್‌ಆರ್, ಸ್ಕ್ವಾಯರ್ (ಫೆಂಡರ್ ಕಂಪನಿದೇ ಕಮ್ಮಿ ಬೆಲೆ ಬ್ರ್ಯಾಂಡ್), ಕಾರ್ಟ್, ಈ ನಾಲ್ಕರಲ್ಲಿ ಯಾವ್ದು ಒಳ್ಳೆ ಸ್ಥಿತಿಯಲ್ಲಿ ಸಿಕ್ರೂ ಕಣ್ಣು ಮುಚ್ಚಿ ಪರಿಗಣಿಸಿ. ಕಾರ್ಟ್ ಕಂಪನಿಯ ಇಂಡೋನೇಷ್ಯಾ ಫ್ಯಾಕ್ಟರಿಯಲ್ಲೇ ಬೇರೆ ದೊಡ್ಡ ಬ್ರ್ಯಾಂಡ್‌ಗಳ ಗಿಟಾರೂ ತಯಾರಾಗತ್ತೆ, ಸ್ಕ್ವಾಯರ್ ಸೀರಿಯಲ್ ನಂಬರ್ ಐಸಿ ಅಂತ ಶುರುವಾದ್ರೆ ಅದು ಅಲ್ಲಿಂದ ಬಂದಿದ್ದು. ಹಾಗಾಗಿ ಹೆಡ್‌ಸ್ಟಾಕ್ ಮೇಲಿನ ಹೆಸರಿಗೆ ಡಬಲ್ ದುಡ್ಡು ಕೊಡೋ ಮುಂಚೆ ಕಾರ್ಟ್ ಒಂದನ್ನ ಕೈಯಲ್ಲಿ ಹಿಡಿದು ನೋಡಿ. ಕೈ ಚಿಕ್ಕದಿದ್ರೆ ಸ್ಕೇಲ್, ಅಂದ್ರೆ ತಂತಿಯ ನುಡಿಯೋ ಭಾಗದ ಉದ್ದ ಗಮನಿಸಿ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಶನ್ ಬೇಸಿಗೆ ಇಟ್ಟ 34 ಇಂಚೇ ಇವತ್ತಿಗೂ ಮಾಮೂಲಿ ಅಳತೆ, 30 ಇಂಚಿನ ಶಾರ್ಟ್ ಸ್ಕೇಲ್ ಕೂಡ ಸಿಗತ್ತೆ, ಹುಡುಗರಿಗೆ ಅದು ಆರಾಮು.

ಹೊರಡೋ ಮುಂಚೆ ಕೇಳ್ಬೇಕಾದ್ದು

ಮಾರೋರು ವಿಡಿಯೋ ಕಳಿಸ್ತಾರೆ, ಅದನ್ನ ಫೋನ್ ಸ್ಪೀಕರಲ್ಲಿ ಕೇಳಿ ಸೌಂಡ್ ಚೆನ್ನಾಗಿದೆ ಅಂತ ಹೇಳೋರಿದಾರೆ. ಫೋನ್ ಸ್ಪೀಕರಿಗೆ ಬೇಸಿನ ಕೆಳಗಿನ ಸ್ವರ ಬರೋದೇ ಇಲ್ಲ ಮಾರಾಯ್ರೆ, ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಅದೂ ತಂತಿ ಫ್ರೆಟ್‌ಗೆ (ನೆಕ್ ಮೇಲಿನ ಲೋಹದ ಪಟ್ಟಿ) ತಾಗಿ ಝರ್ ಅನ್ನೋ ಬಝ್ ಹುಡುಕೋಕೆ ಮಾತ್ರ. ಫೋಟೋ ಕೇಳುವಾಗ ಹೆಡ್‌ಸ್ಟಾಕ್ ಹಿಂಭಾಗ, ಸೀರಿಯಲ್ ನಂಬರ್, ನೆಕ್ ಬಾಡಿಗೆ ಸೇರೋ ಜಾಗ, ಬ್ರಿಜ್, ಕ್ಯಾಬ್ ಆದ್ರೆ ಹಿಂದಿನ ಪ್ಲೇಟ್ ಮತ್ತೆ ಗ್ರಿಲ್ ತೆಗೆದ ಸ್ಪೀಕರ್ ಕೋನ್. ಗಿಟಾರ್ ಪಕ್ಕದಲ್ಲಿ ಇವತ್ತಿನ ಪ್ರಜಾವಾಣಿ ಇಟ್ಟು ಒಂದು ಫೋಟೋ ಕಳಿಸಿ ಸಾರ್ ಅಂತ ಕೇಳಿ, ವಸ್ತು ಕೈಯಲ್ಲಿ ಇರೋರಿಗೆ ಅದು ಎರಡು ನಿಮಿಷದ ಕೆಲಸ. ಜಾಹೀರಾತಿನ ಫೋಟೋನ ಗೂಗಲ್ ಇಮೇಜ್ ಸರ್ಚಲ್ಲಿ ಹಾಕಿ ನೋಡಿ, ಬೇರೆ ದೇಶದ ಅಂಗಡಿಯ ಫೋಟೋ ಆಗಿದ್ರೆ ಅಲ್ಲಿಗೆ ಬಿಟ್ಬಿಡಿ.

ಅಡ್ವಾನ್ಸ್ ಕೊಡ್ಬೇಡಿ. ಟೋಕನ್ ಅಂತ ಐನೂರು ಕೂಡ ಬೇಡ. ನಾನು ಆರ್ಮಿಯಲ್ಲಿದೀನಿ, ಟ್ರಾನ್ಸ್‌ಫರ್ ಆಗಿದೆ, ಕ್ಯಾಂಟೀನ್ ಕಾರ್ಡ್ ಫೋಟೋ ನೋಡಿ, ಪಾರ್ಸೆಲ್ ಕಳಿಸ್ತೀನಿ ಅಂತ ಬರೋದು ಹಳೇ ಮೋಸ, ಇವತ್ತಿಗೂ ಜನ ಬೀಳ್ತಾನೇ ಇದಾರೆ. ನೀವು ಮಾರುವಾಗಲೂ ಹುಷಾರು: ದುಡ್ಡು ಬರೋಕೆ ಯುಪಿಐ ಪಿನ್ ಹಾಕೋ ಅಗತ್ಯ ಯಾವತ್ತೂ ಇಲ್ಲ, ಪಿನ್ ಕೇಳ್ತು ಅಂದ್ರೆ ದುಡ್ಡು ನಿಮ್ಮಿಂದ ಹೋಗ್ತಿದೆ ಅಂತ ಅರ್ಥ. ಹೋಗೇಬಿಟ್ಟಿದ್ರೆ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ತಡೆ ಹಿಡಿಯೋ ಸಾಧ್ಯತೆ ಜಾಸ್ತಿ.

ಗಿಟಾರ್ ನೋಡುವಾಗ

ಹಗಲಲ್ಲಿ ಹೋಗಿ. ಮೊದಲು ಬಾಡಿ ತುದಿಯಿಂದ ಹೆಡ್‌ಸ್ಟಾಕ್ ಕಡೆಗೆ ಬಂದೂಕಿನ ಗುರಿ ನೋಡೋ ಹಾಗೆ ಒಂದು ಕಣ್ಣಲ್ಲಿ ನೋಡಿ, ನೆಕ್ ತಿರುಚಿದ್ರೆ ಅಲ್ಲೇ ಕಾಣತ್ತೆ, ತಿರುಚಿದ ನೆಕ್ಕಿಗೆ ಸುಲಭದ ರಿಪೇರಿ ಇಲ್ಲ, ಥ್ಯಾಂಕ್ಸ್ ಹೇಳಿ ವಾಪಸ್ ಬನ್ನಿ. ಆಮೇಲೆ ಇ ತಂತೀನ ಮೊದಲ ಫ್ರೆಟ್ಟಲ್ಲಿ ಒಂದು ಕೈಯಲ್ಲಿ, ನೆಕ್ ಬಾಡಿಗೆ ಸೇರೋ ಕಡೆ ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದು ಏಳು ಎಂಟನೇ ಫ್ರೆಟ್ ಹತ್ರ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ನುಗ್ಗುವಷ್ಟು, ಅಂದ್ರೆ ಸುಮಾರು 0.3 ಮಿಲಿಮೀಟರ್ ಇದ್ರೆ ಸರಿ. ಜಾಸ್ತಿ ಇದ್ರೆ ನೆಕ್ ಒಳಗಿನ ಲೋಹದ ಕಂಬಿ, ಅಂದ್ರೆ ಟ್ರಸ್ ರಾಡ್ ತಿರುಗಿಸಿದ್ರೆ ಆಯ್ತು, ಆದ್ರೆ ಆ ರಾಡ್ ಇನ್ನೂ ತಿರುಗತ್ತಾ ಅನ್ನೋದೇ ಪ್ರಶ್ನೆ. ಓನರ್ ಒಪ್ಪಿದ್ರೆ ಅವರ ಕೈಯಲ್ಲೇ ಕಾಲು ಸುತ್ತು ತಿರುಗಿಸಿ ನೋಡೋಕೆ ಹೇಳಿ. ಪೂರ್ತಿ ಬಿಗಿದು ಕೂತಿದ್ರೂ ನೆಕ್ ಬಿಲ್ಲಿನ ಹಾಗೆ ಬಾಗಿದ್ರೆ ತಗೊಳ್ಬೇಡಿ.

ಬ್ರಿಜ್ ಸ್ಯಾಡಲ್‌ಗಳು (ತಂತಿ ಕೂರೋ ಚಿಕ್ಕ ಲೋಹದ ತುಂಡುಗಳು) ಪೂರ್ತಿ ಕೆಳಗೆ ಕೂತಿದ್ದು ತಂತಿ ಇನ್ನೂ ಎತ್ತರಕ್ಕೇ ಇದ್ರೆ ನೆಕ್ ಕೂತಿರೋ ಕೋನ ಸರಿ ಇಲ್ಲ, ನೆಕ್ ಕೆಳಗೆ ಶಿಮ್ (ತೆಳು ಚೂರು) ಹಾಕಿಸ್ಬೇಕಾಗತ್ತೆ. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಬಂದ ಗಿಟಾರ್ ಆದ್ರೆ ಸ್ಯಾಡಲ್ ಸ್ಕ್ರೂ ಒಂದೊಂದನ್ನೂ ನೋಡಿ, ಉಪ್ಪು ಗಾಳಿಗೆ ತುಕ್ಕು ಹಿಡಿದು ತಿರುಗದೆ ಕೂತಿರ್ತಾವೆ.

ಪ್ರತಿ ತಂತಿ, ಪ್ರತಿ ಫ್ರೆಟ್ ನುಡಿಸಿ. ಬೇಜಾರಿನ ಕೆಲಸ, ಆದ್ರೂ ಮಾಡಿ. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಸುತ್ತ ಒಂದು ಸ್ವರ ಬೇಗ ಸತ್ತೋಗೋದು ಫೆಂಡರ್ ಥರದ ಬೇಸ್‌ಗಳಲ್ಲಿ ಇರೋದೇ, ಅದನ್ನ ನೋಡಿ ಗಾಬರಿ ಬೇಡ, ಎಷ್ಟು ಬೇಗ ಸಾಯತ್ತೆ ಅನ್ನೋದು ನಿಮಗೆ ಒಪ್ಪಿಗೆನಾ ನೋಡ್ಕೊಳ್ಳಿ. ನಾಬ್ ತಿರುಗಿಸಿದಾಗ ಕರಕರ ಅಂದ್ರೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ್ರೆ ಬಹುತೇಕ ಹೋಗತ್ತೆ, ಬೆಲೆ ಇಳಿಸೋಕೆ ಒಂದು ಕಾರಣ ಸಿಕ್ಕಿತು. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿ ಸರ್ಕ್ಯೂಟ್ ಇರೋದು) ಆದ್ರೆ ಹೊಸ 9 ವೋಲ್ಟ್ ಬ್ಯಾಟರಿ ನೀವೇ ತಗೊಂಡೋಗಿ, ಬ್ಯಾಟರಿ ಇಳಿದಿದೆ ಸಾರ್ ಅದಕ್ಕೇ ಸೌಂಡ್ ಬರ್ತಿಲ್ಲ ಅನ್ನೋ ಮಾತಿಗೆ ಅವಕಾಶ ಇರಲ್ಲ.

ಫೆಂಡರ್ ಅಂತ ಬೆಲೆ ಹೇಳ್ತಿದ್ರೆ ಸೀರಿಯಲ್ ನಂಬರ್ ಜೊತೆ ಬೇರೆ ಗುರುತೂ ಹೊಂದತ್ತಾ ನೋಡಿ. ಹೆಡ್‌ಸ್ಟಾಕ್ ಸ್ಟಿಕರ್ ಆನ್‌ಲೈನಲ್ಲೇ ಸಿಗತ್ತೆ, ಸ್ಕ್ವಾಯರನ್ನ ಫೆಂಡರ್ ಮಾಡಿ ಮಾರೋದು ಕಷ್ಟವಲ್ಲ. ಎಂಎಕ್ಸ್ ಅಂತ ಶುರುವಾದ್ರೆ ಮೆಕ್ಸಿಕೋ, ಯುಎಸ್ ಅಂತ ಶುರುವಾದ್ರೆ ಅಮೇರಿಕಾ, ಮುಂದಿನ ಎರಡು ಅಂಕಿ ವರ್ಷ. ಹಳೇದು ಅಂತ ಭಾರೀ ಬೆಲೆ ಕೇಳಿದ್ರೆ ನಾಬ್ ಕೆಳಗೆ ಒಳಗಿರೋ ಪಾಟ್ (ವಾಲ್ಯೂಮ್, ಟೋನ್ ಬದಲಾಯಿಸೋ ಬಿಡಿಭಾಗ) ನೋಡೋಕೆ ಕೇಳಿ, 137 ಅಂತ ಶುರುವಾಗೋ ಕೋಡ್ ಇದ್ರೆ ಅದು ಸಿಟಿಎಸ್ ಕಂಪನಿದು, ಆಮೇಲಿನ ಅಂಕಿಗಳು ವರ್ಷ ಮತ್ತೆ ವಾರ.

ಕ್ಯಾಬ್ ನೋಡುವಾಗ, ಇಲ್ಲಿ ಅವಸರ ಬೇಡ

ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕಮ್ಮಿ ದುಡ್ಡಿಗೆ ಸಿಗೋ ಮಲ್ಟಿಮೀಟರ್ ಸಾಕು. ಮೊದಲು ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿ ಬಂದ ಸಂಖ್ಯೆ ನೆನಪಿಟ್ಕೊಳ್ಳಿ, ಅದನ್ನ ಆಮೇಲೆ ಕಳೀಬೇಕು. ಕ್ಯಾಬಿಗೆ ಏನೂ ಸೇರಿಸದೆ ಅದರ ಜಾಕಿನ ಎರಡು ತುದಿಗೆ ಹಿಡೀರಿ. ಮೀಟರ್ ತೋರಿಸೋದು ಡಿಸಿ ರೆಸಿಸ್ಟೆನ್ಸ್, ಅದು ಬರೆದಿರೋದಕ್ಕಿಂತ ಸ್ವಲ್ಪ ಕಮ್ಮಿನೇ ಇರತ್ತೆ, 8 ಓಮ್ ಕ್ಯಾಬಿಗೆ ಐದೂವರೆಯಿಂದ ಏಳರ ಒಳಗೆ, 4 ಓಮಿಗೆ ಮೂರು ಮೂರೂವರೆ. 8 ಅಂತ ಬರೆದು 3.3 ತೋರಿಸಿದ್ರೆ ನನಗಾದ ಕಥೆನೇ. ಹನ್ನೊಂದು ಹನ್ನೆರಡು ತೋರಿಸಿದ್ರೆ ಒಳಗೆ ಒಂದು ಸ್ಪೀಕರ್ ಸತ್ತಿರಬಹುದು. ಏನೂ ತೋರಿಸದಿದ್ರೆ ಎಲ್ಲೋ ತಂತಿ ಕಡಿದಿದೆ. ಟ್ವೀಟರ್ (ಮೇಲಿನ ಸ್ವರಗಳ ಚಿಕ್ಕ ಸ್ಪೀಕರ್) ಈ ಪರೀಕ್ಷೆಯಲ್ಲಿ ಬರಲ್ಲ, ಅದರ ಮುಂದೆ ಕೆಪಾಸಿಟರ್ ಇರೋದ್ರಿಂದ. ಅದರ ಹತ್ರ ಕಿವಿ ಇಟ್ಟು, ಕ್ಯಾಬ್ ಹಿಂದಿನ ಟ್ವೀಟರ್ ನಾಬ್ ಪೂರ್ತಿ ಏರಿಸಿ ಸ್ಲಾಪ್ ಮಾಡಿ (ಹೆಬ್ಬೆರಳಲ್ಲಿ ತಂತಿಗೆ ಹೊಡೆದು) ಕೇಳ್ಬೇಕು.

ಆಮೇಲೆ ಗ್ರಿಲ್ ತೆಗೆಸಿ. ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಕೇಳಿ, ನಾಲ್ಕಾರು ಸ್ಕ್ರೂ ಅಷ್ಟೇ ಇರೋದು. ಕೋನಿನ ಎರಡೂ ಬದಿ ಬೆರಳಿಟ್ಟು ಸಮವಾಗಿ ಮೆಲ್ಲಗೆ ಒಳಗೆ ಒತ್ತಿ ಬಿಡಿ, ಸದ್ದಿಲ್ಲದೆ ಹೋಗಿ ಬರಬೇಕು. ಮರಳು ಉಜ್ಜಿದ ಹಾಗೆ ಸರಸರ ಅಂದ್ರೆ ವಾಯ್ಸ್ ಕಾಯಿಲ್ (ಕೋನ್ ಹಿಂದಿನ ತಂತಿ ಸುರುಳಿ) ಉಜ್ಜುತ್ತಿದೆ, ಆ ಸ್ಪೀಕರ್ ಇನ್ನು ಜಾಸ್ತಿ ದಿನ ಬಾಳಲ್ಲ. ಎಲ್ಲಾ ಸ್ಪೀಕರೂ ಒಂದೇ ಥರದ್ದಾ, ಒಂದರ ಡಸ್ಟ್ ಕ್ಯಾಪ್ ಬೇರೆ ಥರ ಹೊಳೀತಿದೆಯಾ ನೋಡಿ. ಎಂಟು-ಹತ್ತಿನ ಫ್ರಿಜ್ಜಲ್ಲಿ ಒಳಗೆ ಇರೋದು 32 ಓಮಿನ ಎಂಟು ಸ್ಪೀಕರ್, ಅವು ಎಲ್ಲಾ ಕಡೆ ಸಿಗಲ್ಲ, ಹಾಗಾಗಿ ಅದರಲ್ಲಿ ಬದಲಾಯಿಸಿದ್ದು ಕಂಡ್ರೆ ಏನು ಹಾಕಿದಾರೆ ಅಂತ ಕೇಳಲೇಬೇಕು.

ಒಂದು ಮಾಮೂಲಿ 1.5 ವೋಲ್ಟ್ ಪೆನ್ಸಿಲ್ ಸೆಲ್ಲನ್ನ ಕ್ಯಾಬ್ ಕೇಬಲಿನ ಎರಡು ತುದಿಗೆ ಒಂದು ಕ್ಷಣ ತಾಗಿಸಿ ತೆಗೀರಿ, ಎಲ್ಲಾ ಕೋನುಗಳೂ ಒಂದೇ ದಿಕ್ಕಿಗೆ ಹಾರಬೇಕು. ಒಂದು ಮುಂದೆ, ಇನ್ನೊಂದು ಹಿಂದೆ ಹೋದ್ರೆ ರಿಪೇರಿ ಮಾಡಿದೋರು ತಂತಿ ಉಲ್ಟಾ ಹಾಕಿದಾರೆ, ಒಂದರ ಗಾಳಿ ಇನ್ನೊಂದು ತಿಂದು ಬೇಸ್ ಮಾಯ ಆಗತ್ತೆ. ಇದು ಕಂಡ್ರೆ ಮುಖದಲ್ಲಿ ಏನೂ ತೋರಿಸ್ಕೊಳ್ಳದೆ ಇರೋದು ಬೇಡ, ಓನರಿಗೂ ಹೇಳಿ, ಎಷ್ಟೋ ಸಲ ಅವರಿಗೇ ಗೊತ್ತಿರಲ್ಲ. ತಂತಿ ತಿರುಗಿಸಿದ್ರೆ ಸರಿಹೋಗೋ ತೊಂದರೆ, ಅದಕ್ಕಾಗಿ ಕ್ಯಾಬ್ ಬಿಡಬೇಕಿಲ್ಲ.

ಕೊನೇಗೆ ನಿಮ್ಮದೇ ಬೇಸ್, ನಿಮ್ಮದೇ ಆಂಪ್ ತಗೊಂಡೋಗಿ ನುಡಿಸಿ, ಅಥವಾ ಫೋನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕ್ಕೊಂಡು ವಾಲ್ಯೂಮ್ ಕಮ್ಮಿ ಇಟ್ಟು 40 ಹರ್ಟ್ಜಿಂದ 400ರ ತನಕ ನಿಧಾನವಾಗಿ ಏರಿಸಿ. ಯಾವ್ದೋ ಒಂದು ಜಾಗದಲ್ಲಿ ಡಬ್ಬ ಗಡಗಡ ಅಂತು ಅಂದ್ರೆ ಹಿಡಿಕೆ, ಮೂಲೆ, ಸ್ಕ್ರೂ ಒಂದೊಂದನ್ನೂ ಕೈಯಲ್ಲಿ ಒತ್ತಿ ನೋಡಿ, ಸದ್ದು ನಿಂತ್ರೆ ಅದೇ. ಒತ್ತಿದ್ರೂ ನಿಲ್ಲದೆ ಇದ್ರೆ ಪ್ಲೈವುಡ್ ಒಳಗೆ ಬಿಟ್ಟಿದೆ ಅಥವಾ ಕೋನ್ ಹರಿದಿದೆ.

ಬೆಲೆ, ಸಾಗಣೆ

ನನ್ನ ಲೆಕ್ಕ ಸರಳ. ಹೊಸದರ ಇವತ್ತಿನ ಬೆಲೆಯಲ್ಲಿ ಅರವತ್ತು ಪರ್ಸೆಂಟ್‌ನಿಂದ ಶುರು ಮಾಡ್ತೀನಿ, ಹೊಸ ತಂತಿ, ಸೆಟಪ್, ರಿಪೇರಿ ಖರ್ಚು ಕಳೀತೀನಿ, ಚೆನ್ನಾಗಿಟ್ಕೊಂಡಿದ್ರೆ ಕೇಸ್ ಸಮೇತ ಎಪ್ಪತ್ತರ ತನಕ ಕೊಡ್ತೀನಿ. ಅದಕ್ಕಿಂತ ಮೇಲೆ ಅಂದ್ರೆ ವಾರಂಟಿ ಇರೋ ಹೊಸದೇ ತಗೊಳ್ಳಿ.

ಗಿಟಾರ್ ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಬಸ್ ಪಾರ್ಸೆಲಲ್ಲಿ ಬರೋದಾದ್ರೆ ತಂತಿ ಸ್ವಲ್ಪ ಸಡಿಲ ಮಾಡೋಕೆ ಹೇಳಿ, ಹೆಡ್‌ಸ್ಟಾಕ್ ಹಿಂದೆ ಮುಂದೆ ಬಟ್ಟೆ ತುರುಕಿಸಿ, ಪೆಟ್ಟಿಗೆ ಬಿದ್ರೆ ಮೊದಲು ಮುರಿಯೋದು ಆ ಕುತ್ತಿಗೆನೇ. ಕ್ಯಾಬನ್ನ ಮಾತ್ರ ಪಾರ್ಸೆಲ್ ಮಾಡಿಸ್ಬೇಡಿ. ಭಾರದ ಮ್ಯಾಗ್ನೆಟ್ ಒಂದು ಜೋರು ಪೆಟ್ಟಿಗೆ ಜಾಗ ಬಿಟ್ಟು ಸರಿದ್ರೆ ಕಾಯಿಲ್ ಅಲ್ಲೇ ಸಿಕ್ಕಿಹಾಕ್ಕೊಳತ್ತೆ, ಹೊರಗೆ ಒಂದು ಗೀರೂ ಕಾಣಲ್ಲ. ನೀವೇ ಹೋಗಿ ತನ್ನಿ, ಮುಂಚೆನೇ ಟೇಪ್ ಹಿಡಿದು ಕಾರಿನ ಡಿಕ್ಕಿ ಅಳೆದಿರಿ. ದುಡ್ಡು ಕೊಟ್ಟ ಮೇಲೆ ಒಂದು ಬಿಳಿ ಹಾಳೆಯಲ್ಲಿ ಮಾಡೆಲ್, ಸೀರಿಯಲ್ ನಂಬರ್, ತಾರೀಕು, ಮೊತ್ತ ಬರೆಸಿ ಇಬ್ರೂ ಸಹಿ ಹಾಕಿ, ಕದ್ದ ಮಾಲು ಅಂತ ನಾಳೆ ಯಾರಾದ್ರೂ ಬಂದ್ರೆ ತೋರಿಸೋಕೆ ಏನಾದ್ರೂ ಇರಬೇಕು.

ಮನೆಗೆ ತಂದ ದಿನವೇ ಟ್ರಸ್ ರಾಡಿಗೆ ಕೈ ಹಾಕ್ಬೇಡಿ. ಕರಾವಳಿಯ ತೇವದಿಂದ ಕಲಬುರಗಿಯ ಒಣ ಬಿಸಿಗೆ ಬಂದ ಮರ ಒಂದು ವಾರ ಅಲುಗಾಡ್ತಾನೇ ಇರತ್ತೆ. ಸುಮ್ಮನೆ ಟ್ಯೂನ್ ಮಾಡಿ ದಿನಾ ನುಡಿಸ್ತಾ ಇರಿ. ವಾರ ಆದ್ಮೇಲೆ 45-105 ಅಥವಾ 45-100 ದಪ್ಪದ ಹೊಸ ತಂತಿ ಹಾಕಿ, ಮೊದಲು ರಿಲೀಫ್ (ನೆಕ್ಕಿನ ಆ ಸಣ್ಣ ಬಾಗು), ಆಮೇಲೆ ತಂತಿಯ ಎತ್ತರ, ಹದಿನೇಳನೇ ಫ್ರೆಟ್ ಹತ್ರ ಎರಡು ಎರಡೂವರೆ ಮಿಲಿಮೀಟರ್ ಸಾಕು, ಕೊನೇಗೆ ಇಂಟೊನೇಶನ್. ಹನ್ನೆರಡನೇ ಫ್ರೆಟ್ಟಿನ ಹಾರ್ಮಾನಿಕ್ಕೂ ಅಲ್ಲೇ ಒತ್ತಿ ನುಡಿಸಿದ ಸ್ವರವೂ ಟ್ಯೂನರಲ್ಲಿ ಒಂದೇ ಕಡೆ ನಿಲ್ಲಬೇಕು, ಒತ್ತಿದ ಸ್ವರ ಮೇಲೆ ಹೋಗ್ತಿದ್ರೆ ಸ್ಯಾಡಲನ್ನ ಹಿಂದಕ್ಕೆ ಸರಿಸಿ, ಕೆಳಗಿದ್ರೆ ಮುಂದಕ್ಕೆ. ಆಕ್ಟಿವ್ ಬೇಸ್ ಆಗಿದ್ರೆ ನುಡಿಸಿ ಮುಗಿದ ಮೇಲೆ ಜಾಕ್ ಎಳೆದಿಡಿ, ಚುಚ್ಚಿಟ್ರೆ ರಾತ್ರಿಯಿಡೀ ಬ್ಯಾಟರಿ ಇಳೀತಾ ಇರತ್ತೆ.